ಟೈಮ್‌ಲೈನ್ ಯಾಕೆ ತಡವರಿಸುತ್ತದೆ: ಕ್ಯಾಮೆರಾ ಫೈಲಿನಿಂದ ಪೆನ್‌ಡ್ರೈವ್‌ವರೆಗೆ

ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ಜರ್ಕ್ ಹೊಡೆಯಲು ಶುರುವಾದರೆ ನಮ್ಮಲ್ಲಿ ಮೊದಲು ಹುಟ್ಟುವ ಪ್ರಶ್ನೆ, "ರ‍್ಯಾಮ್ ಎಷ್ಟಕ್ಕೆ ಏರಿಸಬೇಕು?" ಎರಡನೆಯದು, "ಯಾವ ಗ್ರಾಫಿಕ್ಸ್ ಕಾರ್ಡ್ ಒಳ್ಳೆಯದು?" ಇಲ್ಲಿ ಕೂತಿರುವ ನಿಮ್ಮಲ್ಲಿ ಹೆಚ್ಚಿನವರು ಯಕ್ಷಗಾನ, ಮದುವೆ, ಜಾತ್ರೆಗಳನ್ನು ಶೂಟ್ ಮಾಡಿ, ನೀವೇ ಕೂತು ಎಡಿಟ್ ಮಾಡುವವರು. ಸಾಲ ಮಾಡಿ ಕಂಪ್ಯೂಟರ್ ಕೊಂಡವರೂ ಇದ್ದೀರಿ. ಹಾಗಾಗಿ ಮತ್ತೆ ದುಡ್ಡು ಹಾಕುವ ಮೊದಲು ಏನೇನು ನೋಡಬೇಕು ಎಂಬುದನ್ನೇ ಇವತ್ತು ಮಾತಾಡುತ್ತೇನೆ. ಕೋಡೆಕ್ ಎಂದರೆ ವಿಡಿಯೋವನ್ನು ಹಿಂಡಿ ಚಿಕ್ಕದಾಗಿ ಬರೆಯುವ, ಮತ್ತೆ ಬಿಚ್ಚಿ ತೋರಿಸುವ ವಿಧಾನ. ಕ್ಯಾಮೆರಾ ಬರೆಯುವ ಕೋಡೆಕ್ ಬೇರೆ, ಎಡಿಟಿಂಗಿಗೆ ಹದವಾದ ಕೋಡೆಕ್ ಬೇರೆ, ನೋಡುವವರ ಕೈಗೆ ಕೊಡುವ ಕೋಡೆಕ್ ಬೇರೆ. ಈ ಮೂರು ಕೆಲಸವನ್ನೂ ಒಂದೇ ಕೋಡೆಕ್ ಹತ್ತಿರ ಮಾಡಿಸಲು ಹೋಗುವುದರಿಂದಲೇ ನಮ್ಮ ಹೆಚ್ಚಿನ ಗೋಳು.

ಮೊದಲು ಕ್ಯಾಮೆರಾದ ಕೋಡೆಕ್ ನೋಡೋಣ. ಒಂದು ಫುಲ್ ಎಚ್‌ಡಿ ಫ್ರೇಮ್ ಅಂದರೆ 1920 ಅಡ್ಡ, 1080 ಉದ್ದ. 8 ಬಿಟ್ (ಬಣ್ಣಕ್ಕೆ ಎಷ್ಟು ಮೆಟ್ಟಿಲು ಎಂಬುದು), 4:2:0 (ಬೆಳಕಿಗೆ ಹೋಲಿಸಿದರೆ ಬಣ್ಣದ ವಿವರ ಎಷ್ಟು ಉಳಿಸಿದೆ ಎಂಬುದು) ಲೆಕ್ಕದಲ್ಲಿ ಒಂದು ಫ್ರೇಮಿಗೆ ಸುಮಾರು 3.1 ಎಂಬಿ. ಸೆಕೆಂಡಿಗೆ 25 ಫ್ರೇಮ್ ಆದರೆ 78 ಎಂಬಿ, ಗಂಟೆಗೆ 280 ಜಿಬಿ. ನಿಮ್ಮ ಕ್ಯಾಮೆರಾ ಅದನ್ನು 50 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 50 ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್) ಬರೆದರೆ ಗಂಟೆಗೆ 22.5 ಜಿಬಿಯಲ್ಲಿ ಮುಗಿಸುತ್ತದೆ. ಉಳಿದದ್ದೆಲ್ಲ ಎಲ್ಲಿ ಹೋಯಿತು?

ಒಂದು ಪಾಲು ಫ್ರೇಮಿನ ಒಳಗೇ ಉಳಿತಾಯವಾಗುತ್ತದೆ. ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಮಾಡಿ, ಪ್ರತಿ ಚೌಕದಲ್ಲಿ ಬೆಳಕು ಎಷ್ಟು ನಿಧಾನವಾಗಿ, ಎಷ್ಟು ಬೇಗ ಬದಲಾಗುತ್ತದೆ ಎಂದು ಅಳೆದು, ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮ ಭಾಗವನ್ನು ಬಿಟ್ಟುಬಿಡುವುದು. ಇದರ ಹಿಂದಿರುವ ಗಣಿತಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಹೆಸರು. ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಇದನ್ನು ಹೇಳಲೇಬೇಕು. ಈ ವಿಧಾನವನ್ನು ಕೊಟ್ಟ ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ನಮ್ಮ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲೇ (ಯುವಿಸಿಇ) ಓದಿದವರು. ಅಮೆರಿಕದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಈ ಸಂಶೋಧನೆಗೆ ಹಣ ಕೇಳಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು, ಹಣ ಸಿಗಲಿಲ್ಲ. ಆದರೂ ಕೆಲಸ ಬಿಡದೆ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರ ಜೊತೆ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಜೆಪೆಗ್ ಫೋಟೋ, ಎಂಪೆಗ್, ಎಚ್.264, ಪ್ರೊರೆಸ್ ಎಲ್ಲವೂ ಆ ಬೇರಿನಿಂದಲೇ ಬೆಳೆದವು. ನಾವು ದಿನವಿಡೀ ಒತ್ತುವ ಎಕ್ಸ್‌ಪೋರ್ಟ್ ಬಟನ್ನಿನ ಒಳಗೆ ಬೆಂಗಳೂರಿನ ಒಬ್ಬರ ಲೆಕ್ಕ ಓಡುತ್ತಿದೆ ಎಂಬುದು ನನಗೆ ನಿಜಕ್ಕೂ ಹೆಮ್ಮೆಯ ಸಂಗತಿ.

ಇನ್ನೊಂದು ಪಾಲಿನ ಉಳಿತಾಯ ಫ್ರೇಮು-ಫ್ರೇಮುಗಳ ನಡುವೆ ಆಗುತ್ತದೆ. ನಮ್ಮ ಟೈಮ್‌ಲೈನ್ ತೊಂದರೆ ಹುಟ್ಟುವುದು ಇಲ್ಲೇ. 2003ರಲ್ಲಿ ಬಂದ ಎಚ್.264 ಆಗಲಿ, 2013ರ ಎಚ್.265 ಆಗಲಿ, ಸಾಮಾನ್ಯವಾಗಿ ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಹಾಲು ಹಾಕುವವರ ಪುಸ್ತಕ ನೆನಪಿಸಿಕೊಳ್ಳಿ. ಒಂದನೇ ತಾರೀಕಿಗೆ "ಒಂದು ಲೀಟರ್" ಎಂದು ಬರೆದು, ಆಮೇಲೆ "ಅರ್ಧ ಹೆಚ್ಚು", "ಕಾಲು ಕಡಿಮೆ" ಎಂದು ಬದಲಾದದ್ದನ್ನಷ್ಟೇ ಬರೆಯುತ್ತಾ ಹೋದರೆ ಬರವಣಿಗೆ ಕಡಿಮೆ. ಆದರೆ ಹದಿನೆಂಟನೇ ತಾರೀಕು ಎಷ್ಟು ಹಾಲು ಹಾಕಿದ್ದು ಎಂದು ಕೇಳಿದರೆ ಒಂದನೇ ತಾರೀಕಿನಿಂದ ಕೂಡಿಸಿಕೊಂಡು ಬರಬೇಕು. ಕೋಡೆಕ್ಕಿನಲ್ಲಿ ಪೂರ್ತಿ ಬರೆದ ಫ್ರೇಮಿಗೆ ಐ-ಫ್ರೇಮ್ ಎನ್ನುತ್ತಾರೆ, ಬದಲಾವಣೆ ಮಾತ್ರ ಇರುವುದಕ್ಕೆ ಪಿ ಮತ್ತು ಬಿ. ನೀವು ಟೈಮ್‌ಲೈನಿನ ಮಧ್ಯೆ ಎಲ್ಲೋ ಕ್ಲಿಕ್ ಮಾಡಿದಾಗ ಸಾಫ್ಟ್‌ವೇರ್ ಹಿಂದಿನ ಐ-ಫ್ರೇಮಿಗೆ ಓಡಿ, ಅಲ್ಲಿಂದ ಕಟ್ಟಿಕೊಂಡು ಬಂದು ನಿಮಗೆ ತೋರಿಸಬೇಕು. ಮುಂದಕ್ಕೆ ಪ್ಲೇ ಮಾಡಿದರೆ ಸರಾಗ, ಜೆ ಕೀ ಒತ್ತಿ ಹಿಂದಕ್ಕೆ ಓಡಿಸಿದರೆ ತಡವರಿಕೆ ಎನ್ನುವವರಿಗೆ ಕಾರಣ ಇದು. ಮೂರು ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸುವ ಮಲ್ಟಿಕ್ಯಾಮ್ ಹಾಕಿದಿರೋ, ಈ ಓಡಾಟ ಮೂರು ಪಟ್ಟು.

ಹಾಗಾದರೆ ಪತ್ತೆ ಮಾಡುವುದು ಹೇಗೆ? ಎಡಿಟಿಂಗ್ ಸಾಫ್ಟ್‌ವೇರ್ ತೆರೆಯುವ ಮೊದಲು ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಫೈಲನ್ನು ತೆರೆಯಿರಿ. ಕೋಡೆಕ್ ಯಾವುದು, ಬಿಟ್ ಡೆಪ್ತ್ 8 ಅಥವಾ 10, ಕ್ರೋಮಾ ಅಂದರೆ ಬಣ್ಣದ ವಿವರ 4:2:0 ಅಥವಾ 4:2:2, ಫ್ರೇಮ್ ರೇಟ್ ಮೋಡ್ ಕಾನ್‌ಸ್ಟಂಟ್ ಅಥವಾ ವೇರಿಯಬಲ್. ಈ ನಾಲ್ಕು ಸಾಲು ಓದಿದರೆ ಸಮಸ್ಯೆಯ ಅರ್ಧ ಜಾಡು ಸಿಕ್ಕಿತು.

ಬಿಟ್ ಡೆಪ್ತ್ ಮತ್ತು ಕ್ರೋಮಾದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಹಣ ಪೋಲಾಗುವುದು ಇಲ್ಲೇ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ 10 ಬಿಟ್ 4:2:2 ಸಿಗುತ್ತದೆ. ಬಣ್ಣ ತಿದ್ದಲು ಅದು ಬಹಳ ಒಳ್ಳೆಯದು, ಬೇಡ ಎನ್ನಲಾರೆ. ಆದರೆ ಎನ್ವಿಡಿಯಾದ 50 ಸರಣಿಗಿಂತ ಹಿಂದಿನ ಆರ್‌ಟಿಎಕ್ಸ್ ಕಾರ್ಡುಗಳು 4:2:2 ಫೈಲನ್ನು ಹಾರ್ಡ್‌ವೇರಿನಲ್ಲಿ ಬಿಚ್ಚುವುದಿಲ್ಲ. ಕಾರ್ಡ್ ಎಷ್ಟೇ ದುಬಾರಿಯಾಗಿರಲಿ, ಆ ಫೈಲಿನ ಮಟ್ಟಿಗೆ ಅದು ಸುಮ್ಮನೆ ಕೂತಿರುತ್ತದೆ, ಭಾರವೆಲ್ಲ ಪ್ರೊಸೆಸರ್ ಮೇಲೆ. ಅದೇ ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಪ್ರೊಸೆಸರುಗಳ ಒಳಗಿರುವ ಸಾಮಾನ್ಯ ಗ್ರಾಫಿಕ್ಸ್ ಎಚ್.265ರ 10 ಬಿಟ್ 4:2:2 ಅನ್ನು ಸಲೀಸಾಗಿ ಬಿಚ್ಚುತ್ತದೆ. ಆಪಲ್‌ನ ಎಂ1 ಮತ್ತು ಅದರ ನಂತರದವೂ ಅಷ್ಟೇ. ಅಂಗಡಿಯಲ್ಲಿ ಸ್ವಲ್ಪ ಕಡಿಮೆ ಬೆಲೆಗೆ ಸಿಗುತ್ತದೆಂದು ಹೆಸರಿನ ಕೊನೆಗೆ ಎಫ್ ಅಕ್ಷರ ಇರುವ ಇಂಟೆಲ್ ಪ್ರೊಸೆಸರ್ ಹಾಕಿಸಿಕೊಳ್ಳುತ್ತಾರಲ್ಲ, ಅದರಲ್ಲಿ ಈ ಒಳಗಿನ ಗ್ರಾಫಿಕ್ಸೇ ಇಲ್ಲ. ಎಡಿಟಿಂಗಿಗೆ ಅದನ್ನು ದಯವಿಟ್ಟು ಕೊಳ್ಳಬೇಡಿ. ಎಫ್ ಇಲ್ಲದ ಪ್ರೊಸೆಸರ್ ಇದ್ದೂ ಕೆಲಸ ಆಗುತ್ತಿಲ್ಲವಾದರೆ, ಬೇರೆ ಕಾರ್ಡ್ ಹಾಕಿದಾಗ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗಿನಲ್ಲಿ) ಒಳಗಿನ ಗ್ರಾಫಿಕ್ಸ್ ಆಫ್ ಆಗಿರಬಹುದು. ಆನ್ ಮಾಡಿ ನೋಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಇನ್ನು ಟಾಸ್ಕ್ ಮ್ಯಾನೇಜರ್. ಜರ್ಕ್ ಹೊಡೆಯುವ ಜಾಗವನ್ನು ಪ್ಲೇ ಮಾಡಿ, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ಸಿಪಿಯು ನೂರಕ್ಕೆ ಮುಟ್ಟಿ, ಜಿಪಿಯುನ ವಿಡಿಯೋ ಡಿಕೋಡ್ ಗ್ರಾಫ್ ಸೊನ್ನೆಯಲ್ಲಿ ಮಲಗಿದ್ದರೆ ಈಗ ಹೇಳಿದ್ದೇ ಕಾಯಿಲೆ. ಡಿಕೋಡ್ ಗ್ರಾಫ್ ತುಂಬಿಕೊಂಡಿದ್ದರೆ ಒಂದೇ ಸಲ ಹೆಚ್ಚು ಕ್ಯಾಮೆರಾ ಬಿಚ್ಚಿಸುತ್ತಿದ್ದೀರಿ. ಎರಡೂ ಆರಾಮಾಗಿದ್ದು ಡಿಸ್ಕ್ ನೂರರಲ್ಲಿದ್ದರೆ ಕಥೆಯೇ ಬೇರೆ, ಫೂಟೇಜನ್ನು ಎಲ್ಲಿಟ್ಟಿದ್ದೀರಿ ನೋಡಬೇಕು. ರ‍್ಯಾಮ್ ಮೊದಲ ಆರೋಪಿ ಆಗುವುದು ಅಪರೂಪ.

ಪರಿಹಾರದಲ್ಲಿ ಎರಡು ದಾರಿ. ಪ್ರಾಕ್ಸಿ, ಅಂದರೆ ಕತ್ತರಿಸಲು ಮಾತ್ರ ಬಳಸುವ ಹಗುರ ನಕಲು ಮಾಡಿಕೊಳ್ಳುವುದು, ಇಲ್ಲವೇ ಇಡೀ ಫೂಟೇಜನ್ನು ಎಡಿಟಿಂಗ್ ಕೋಡೆಕ್ಕಿಗೆ ಬದಲಿಸುವುದು. ಆಪಲ್ 2007ರಲ್ಲಿ ತಂದ ಪ್ರೊರೆಸ್, ಎವಿಡ್‌ನ ಡಿಎನ್ಎಕ್ಸ್ ಇಂಥವು. ಇವುಗಳಲ್ಲಿ ಪ್ರತಿ ಫ್ರೇಮೂ ಪೂರ್ತಿ ಇರುತ್ತದೆ, ಹಿಂದೆ ಮುಂದೆ ನೋಡುವ ಕೆಲಸವಿಲ್ಲ. ಆದರೆ ಜಾಗದ ಲೆಕ್ಕ ಹಾಕಿ. ಫುಲ್ ಎಚ್‌ಡಿ 25 ಫ್ರೇಮಿಗೆ ಪ್ರೊರೆಸ್ 422 ಸುಮಾರು 122 ಎಂಬಿಪಿಎಸ್, ಅಂದರೆ ಗಂಟೆಗೆ 55 ಜಿಬಿ. ಇಡೀ ರಾತ್ರಿಯ ಎಂಟು ಗಂಟೆಯ ಯಕ್ಷಗಾನದ ಆಟಕ್ಕೆ ಒಂದು ಕ್ಯಾಮೆರಾಗೇ 440 ಜಿಬಿ. ಅದೇ ಪ್ರೊರೆಸ್ ಪ್ರಾಕ್ಸಿ ಆದರೆ 38 ಎಂಬಿಪಿಎಸ್, ಎಂಟು ಗಂಟೆಗೆ 137 ಜಿಬಿ. ಪ್ರಾಕ್ಸಿಯ ಅಳತೆಯನ್ನು ಅರ್ಧಕ್ಕೆ, ಅಂದರೆ 960 ಅಡ್ಡ 540ಕ್ಕೆ ಇಳಿಸಿದರೆ ಅದರಲ್ಲೂ ಸುಮಾರು ಕಾಲು ಪಾಲು ಸಾಕು. ಯಕ್ಷಗಾನದಂಥ ಉದ್ದದ ಕೆಲಸಕ್ಕೆ ನನ್ನ ಮತ ಯಾವಾಗಲೂ ಪ್ರಾಕ್ಸಿಗೆ. ಕತ್ತರಿಸುವಾಗ ಪ್ರಾಕ್ಸಿ ನೋಡಿ ಕತ್ತರಿಸಿ, ಎಕ್ಸ್‌ಪೋರ್ಟ್ ಆಗುವಾಗ ಸಾಫ್ಟ್‌ವೇರ್ ತಾನಾಗಿ ಮೂಲ ಫೈಲಿಗೆ ಹೋಗುತ್ತದೆ. ಪ್ರಾಕ್ಸಿ ಮಾಡಿದರೆ ಕ್ವಾಲಿಟಿ ಹೋಗುತ್ತದೆ ಎಂಬ ಭಯ ಹಲವರಲ್ಲಿದೆ. ಆ ಭಯ ಬಿಡಿ.

ಇಲ್ಲಿ ಒಂದು ಮಾತು. ಎಡಿಟಿಂಗ್ ಕೋಡೆಕ್ಕಿಗೆ ಬದಲಿಸಿದಾಗ ಪ್ರೊಸೆಸರಿನ ಭಾರ ಡಿಸ್ಕಿನ ತಲೆಗೆ ಬರುತ್ತದೆ. 4ಕೆ 25 ಫ್ರೇಮಿನ ಪ್ರೊರೆಸ್ 422 ಸೆಕೆಂಡಿಗೆ ಸುಮಾರು 61 ಎಂಬಿ ಬೇಡುತ್ತದೆ. ಮೂರು ಕ್ಯಾಮೆರಾ ಮಲ್ಟಿಕ್ಯಾಮ್ ಎಂದರೆ ಸುಮಾರು 184 ಎಂಬಿ. ತಿರುಗುವ ಹಾರ್ಡ್‌ಡಿಸ್ಕಿಗೆ ಅದು ಕೈಮೀರಿದ ಕೆಲಸ, ಯುಎಸ್‌ಬಿ 2ರ ಹಳೇ ಕೇಬಲ್ಲಿಗಂತೂ ಒಂದು ಕ್ಯಾಮೆರಾವೇ ಹೆಚ್ಚು. ಫೂಟೇಜ್ ಎಸ್‌ಎಸ್‌ಡಿಯಲ್ಲಿರಲಿ.

ಈಗ ಕೆಂಪು ಗೆರೆ. ಪ್ರೀಮಿಯರ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಟೈಮ್‌ಲೈನ್ ಮೇಲೆ ಹಳದಿ, ಕೆಂಪು, ಹಸಿರು ಗೆರೆ ಬರುತ್ತದೆ. ಕೆಂಪು ಕಂಡ ಕೂಡಲೇ ಇಡೀ ಟೈಮ್‌ಲೈನಿಗೆ ರೆಂಡರ್ (ಮೊದಲೇ ಲೆಕ್ಕ ಮಾಡಿ ಪ್ರಿವ್ಯೂ ಫೈಲಾಗಿ ಬರೆದಿಡುವುದು) ಹಾಕಿ ಚಹಾ ಕುಡಿಯಲು ಹೋಗುವವರಿದ್ದಾರೆ. ಕೆಂಪು ಎಂದರೆ ಇಲ್ಲಿ ಸರಾಗವಾಗಿ ಓಡದೇ ಇರಬಹುದು ಎಂಬ ಅಂದಾಜು ಮಾತ್ರ, ಏನೋ ಕೆಟ್ಟಿದೆ ಎಂದಲ್ಲ. ಓಡುತ್ತಿದ್ದರೆ ಬಿಟ್ಟುಬಿಡಿ. ಓಡದಿದ್ದರೆ ಆ ತುಂಡಿಗೆ ಮಾತ್ರ ಇನ್-ಔಟ್ ಹಾಕಿ ರೆಂಡರ್ ಮಾಡಿ. ರಾತ್ರಿಯ ಶೂಟಿಗೆ ನಾಯ್ಸ್ ರಿಡಕ್ಷನ್ ಹಾಕಿದ ಜಾಗಕ್ಕೆ ಇದು ಬೇಕೇಬೇಕು. ಡಾವಿಂಚಿ ರಿಸಾಲ್ವ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ಇದನ್ನೇ ರೆಂಡರ್ ಕ್ಯಾಶ್ ಎನ್ನುತ್ತಾರೆ, ಸ್ಮಾರ್ಟ್ ಎಂದಿಟ್ಟರೆ ನೀವು ಕೈಬಿಟ್ಟಾಗ ತಾನೇ ಭಾರದ ಜಾಗಗಳನ್ನು ಹುಡುಕಿ ರೆಂಡರ್ ಮಾಡಿ, ಕೆಂಪನ್ನು ನೀಲಿ ಮಾಡುತ್ತದೆ. ಒಂದು ಎಚ್ಚರಿಕೆ: ಪ್ರೀಮಿಯರ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಯೂಸ್ ಪ್ರಿವ್ಯೂಸ್ ಎಂಬ ಟಿಕ್ ಇದೆ. ಸೀಕ್ವೆನ್ಸ್ ಸೆಟ್ಟಿಂಗಿನಲ್ಲಿ ಪ್ರಿವ್ಯೂ ಫೈಲ್ ಪ್ರೊರೆಸ್ ಆಗಿದ್ದರೆ ಮಾತ್ರ ಅದನ್ನು ಹಾಕಿ. ಎಂಪೆಗ್ ಪ್ರಿವ್ಯೂ ಇಟ್ಟುಕೊಂಡು ಟಿಕ್ ಹಾಕಿದರೆ, ಒಮ್ಮೆ ಹಿಂಡಿದ್ದನ್ನೇ ಇನ್ನೊಮ್ಮೆ ಹಿಂಡಿದ ಹಾಗಾಗುತ್ತದೆ.

ಮೊಬೈಲ್ ಫೂಟೇಜಿಗೆ ಬರೋಣ. ಚೌಕಿ (ಬಣ್ಣ ಹಚ್ಚಿಕೊಳ್ಳುವ ಜಾಗ), ರಂಗಸ್ಥಳದ ಪಕ್ಕದ ನೋಟ, ಪ್ರೇಕ್ಷಕರು, ಇವನ್ನೆಲ್ಲ ಈಗ ಮೊಬೈಲಿನಲ್ಲೇ ತೆಗೆಯುತ್ತೀರಿ. ಟೈಮ್‌ಲೈನಿನಲ್ಲಿ ಮೊದಲ ಐದು ನಿಮಿಷ ಎಲ್ಲ ಸರಿ. ಆಮೇಲೆ ಚೆಂಡೆಯ ಕೋಲು ಬಿದ್ದಾದ ಮೇಲೆ ಪೆಟ್ಟು ಕೇಳುತ್ತದೆ. ಇನ್ನೂ ಮುಂದೆ ಹೋದರೆ ಭಾಗವತರ ಬಾಯಿ ಒಂದು ಕಡೆ, ಪದ ಒಂದು ಕಡೆ. ಮೊಬೈಲ್ ಕತ್ತಲೆಯಲ್ಲಿ ಬೆಳಕು ಸಾಲದೇ ಹೋದಾಗ ಫ್ರೇಮುಗಳನ್ನು ಕಡಿಮೆ ಮಾಡಿ ಒಂದೊಂದಕ್ಕೂ ಹೆಚ್ಚು ಹೊತ್ತು ಕೊಡುತ್ತದೆ, ಬೆಳಕು ಬಂದಾಗ ಮತ್ತೆ ಏರಿಸುತ್ತದೆ. ಇದೇ ವೇರಿಯಬಲ್ ಫ್ರೇಮ್ ರೇಟ್. ಎಡಿಟಿಂಗ್ ಸಾಫ್ಟ್‌ವೇರ್ ಸಮನಾದ ಹೆಜ್ಜೆ ಬಯಸುತ್ತದೆ, ಫೈಲಿನಲ್ಲಿ ಅದು ಇಲ್ಲ. ಇಂಥ ಫೈಲನ್ನು ಹ್ಯಾಂಡ್‌ಬ್ರೇಕ್ ಅಥವಾ ಶಟರ್ ಎನ್‌ಕೋಡರ್‌ನಲ್ಲಿ ಹಾಕಿ ಕಾನ್‌ಸ್ಟಂಟ್ ಫ್ರೇಮ್ ರೇಟಿಗೆ ಬದಲಿಸಿ, ಆಮೇಲೆ ಪ್ರಾಜೆಕ್ಟಿಗೆ ತನ್ನಿ. ಟೈಮ್‌ಲೈನಿನಲ್ಲಿ ಹಾಕಿ, ಆಡಿಯೋವನ್ನು ಅಲ್ಲಲ್ಲಿ ಕತ್ತರಿಸಿ ಕೂಡಿಸುವುದು ಮುಗಿಯದ ಕೆಲಸ.

ಇದನ್ನು ಇನ್ನೊಂದು ತೊಂದರೆಯ ಜೊತೆ ಬೆರೆಸಬೇಡಿ. ಮಿಕ್ಸರಿನಿಂದ ಬೇರೆ ರೆಕಾರ್ಡರಿಗೆ ಧ್ವನಿ ತೆಗೆದುಕೊಂಡರೆ, ಕ್ಯಾಮೆರಾದ ಗಡಿಯಾರ ಮತ್ತು ರೆಕಾರ್ಡರಿನ ಗಡಿಯಾರ ಕೂದಲೆಳೆಯಷ್ಟು ಬೇರೆ ಇರುತ್ತವೆ. ಗಂಟೆಗೆ ಎರಡು ಫ್ರೇಮ್ ಸರಿದರೂ ಬೆಳಗಿನ ಮಂಗಳದ ಹೊತ್ತಿಗೆ ಹದಿನಾರು ಫ್ರೇಮ್ ಆಗಿರುತ್ತದೆ. ಇದು ಒಂದೇ ಕಡೆಗೆ, ಒಂದೇ ಸಮನೆ ಸರಿಯುತ್ತದೆ. ಆದ್ದರಿಂದ ಆರಂಭದಲ್ಲೊಂದು ಚೆಂಡೆ ಪೆಟ್ಟು, ಕೊನೆಯಲ್ಲೊಂದು ಪೆಟ್ಟು ಹಿಡಿದು ಆಡಿಯೋವನ್ನು ಚೂರು ಎಳೆದರೆ ಸರಿಹೋಗುತ್ತದೆ. ಮೊಬೈಲಿನದು ಒಮ್ಮೆ ಹಿಂದೆ, ಒಮ್ಮೆ ಮುಂದೆ. ಎಳೆದು ಸರಿಮಾಡಲು ಆಗದು.

ಫ್ರೇಮ್ ರೇಟಿನ ಮಾತು ಬಂತಲ್ಲ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. 25 ಫ್ರೇಮ್, ಶಟರ್ 1/50 ಅಥವಾ 1/100 ಇಟ್ಟರೆ ಮಿನುಗು ಕಾಣದು. ಮೊಬೈಲ್ 30 ಫ್ರೇಮಿನಲ್ಲಿ 1/60ಕ್ಕೆ ಹೋದರೆ ಪಟ್ಟಿ ಪಟ್ಟಿಯಾಗಿ ಬೆಳಕು ಓಡುತ್ತದೆ, ಅದನ್ನು ಎಡಿಟಿಂಗಿನಲ್ಲಿ ತೆಗೆಯುವುದು ಬಹಳ ಕಷ್ಟ. ಜೊತೆಗೆ, 30ರ ಫೂಟೇಜನ್ನು 25ರ ಟೈಮ್‌ಲೈನಿಗೆ ಹಾಕಿದರೆ ಸೆಕೆಂಡಿಗೆ ಐದು ಫ್ರೇಮ್ ಬಿಟ್ಟುಹೋಗುತ್ತವೆ. ವೇಷಧಾರಿ ನಿಂತು ಅರ್ಥ ಹೇಳುವಾಗ ಗೊತ್ತಾಗುವುದಿಲ್ಲ, ದಿಗಿಣ ಹೊಡೆದರೆ, ಅಂದರೆ ಗಿರಗಿರನೆ ಸುತ್ತಿ ಕುಣಿದರೆ, ಚಿತ್ರ ಹಾರಿ ಹಾರಿ ಕಾಣುತ್ತದೆ. ನಡುವಿನ ಫ್ರೇಮುಗಳನ್ನು ಊಹಿಸಿ ಕಟ್ಟುವ ಆಪ್ಟಿಕಲ್ ಫ್ಲೋ ಹಾಕಿದರೆ ಕೈಯೂ ದಗಲೆಯೂ (ವೇಷದ ಮೇಲಂಗಿ) ಕಲಸಿಹೋಗುತ್ತವೆ. ಐಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಪಾಲ್ (PAL) ಫಾರ್ಮ್ಯಾಟ್ ತೋರಿಸು ಎಂಬ ಆಯ್ಕೆ ಇದೆ, ಅದನ್ನು ಒತ್ತಿದರೆ 25 ಸಿಗುತ್ತದೆ. ರಿಸಾಲ್ವ್ ಬಳಸುವವರು ಇನ್ನೂ ಹುಷಾರಾಗಿರಬೇಕು. ಟೈಮ್‌ಲೈನಿಗೆ ಕ್ಲಿಪ್ ಬಿದ್ದ ಮೇಲೆ ಆ ಟೈಮ್‌ಲೈನಿನ ಫ್ರೇಮ್ ರೇಟ್ ಬದಲಿಸಲು ಬಿಡುವುದಿಲ್ಲ.

ಟೈಟಲ್ ಬಗ್ಗೆ ಹಲವರು ಚೀಟಿಯಲ್ಲಿ ಕೇಳಿದ್ದೀರಿ. ಯುನಿಕೋಡ್ ಕನ್ನಡದಲ್ಲಿ ಪ್ರಸಂಗದ ಹೆಸರು ಟೈಪ್ ಮಾಡಿದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ ಎಂದು. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್, ಅದರಲ್ಲಿ ಗ್ರಾಫಿಕ್ಸ್, ಅಲ್ಲಿ ಟೆಕ್ಸ್ಟ್ ಎಂಜಿನ್ ಎಂದಿದೆ. ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್ ಆಯ್ದು, ಟೈಟಲನ್ನು ಹೊಸದಾಗಿ ಮಾಡಿ. ಇಷ್ಟಕ್ಕಾಗಿ ಹಳೇ ಆಸ್ಕಿ ಫಾಂಟಿಗೆ ಹೋಗಬೇಡಿ. ಆ ಫಾಂಟಿನಲ್ಲಿ ಬರೆದ ಕಲಾವಿದರ ಹೆಸರನ್ನು ನಾಳೆ ಯೂಟ್ಯೂಬ್ ವಿವರಣೆಗೆ ಕಾಪಿ ಮಾಡಿದರೆ ಒಂದಕ್ಷರವೂ ಅರ್ಥವಾಗದಂತೆ ಬರುತ್ತದೆ. ಅವರ ಹೆಸರು ಹುಡುಕಿದರೆ ಸಿಗುವಂತಿರಬೇಕು, ಅದು ಅವರಿಗೆ ಸಲ್ಲಬೇಕಾದ್ದು.

ಎಕ್ಸ್‌ಪೋರ್ಟಿಗೆ ಬಂದರೆ, ದಿಗಿಣದ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ಫುಲ್ ಎಚ್‌ಡಿಗೆ ಯೂಟ್ಯೂಬ್ ಸೂಚಿಸುವ ಬಿಟ್‌ರೇಟ್ 8 ಎಂಬಿಪಿಎಸ್. 25 ಫ್ರೇಮಿಗೆ ಹಂಚಿದರೆ ಒಂದಕ್ಕೆ ಸರಾಸರಿ 40 ಕೆಬಿ. 3.1 ಎಂಬಿಯ ಚಿತ್ರ 40 ಕೆಬಿಯಲ್ಲಿ ಕೂರಬೇಕು. ಪಾತ್ರಧಾರಿ ಕೂತು ಮಾತಾಡುವಾಗ ಹಿನ್ನೆಲೆ ಅಲುಗುವುದಿಲ್ಲ, ಬದಲಾವಣೆ ಕಡಿಮೆ, 40 ಕೆಬಿ ಧಾರಾಳವಾಯಿತು. ಅದೇ ಕಿರೀಟ, ಭುಜಕೀರ್ತಿ, ಎದೆಪದಕಗಳ ಕನ್ನಡಿ ಚೂರುಗಳೆಲ್ಲ ಬೆಳಕು ಚೆಲ್ಲುತ್ತಾ ಸುತ್ತುವಾಗ ಹಿಂದಿನ ಫ್ರೇಮಿನಿಂದ ಸಾಲ ತರಲು ಏನೂ ಉಳಿಯುವುದಿಲ್ಲ, ಇಡೀ ಚಿತ್ರ ಹೊಸದು. ಬಿಟ್ ಸಾಲದೆ ವೇಷ ಚೌಕ ಚೌಕವಾಗಿ ಒಡೆಯುತ್ತದೆ. ಇಂಥ ಕೆಲಸಕ್ಕೆ ಉದ್ದಕ್ಕೂ ಒಂದೇ ಬಿಟ್‌ರೇಟ್ ಕೊಡುವ ಸಿಬಿಆರ್ ಬೇಡ. ಬೇಕಾದಂತೆ ಬಿಟ್‌ರೇಟ್ ಏರಿಸಿ ಇಳಿಸುವ ವಿಬಿಆರ್ ಎರಡು ಪಾಸ್ ಇಡಿ, ಟಾರ್ಗೆಟ್ 16, ಮ್ಯಾಕ್ಸಿಮಮ್ 30 ಎಂಬಿಪಿಎಸ್ ಸುತ್ತ ಕೊಡಿ. ಮೊದಲ ಪಾಸಿನಲ್ಲಿ ಎಲ್ಲಿ ಕುಣಿತ, ಎಲ್ಲಿ ಮಾತು ಎಂದು ನೋಡಿಕೊಂಡು, ಎರಡನೆಯದರಲ್ಲಿ ಮಾತಿನಲ್ಲಿ ಉಳಿಸಿ ಕುಣಿತಕ್ಕೆ ಖರ್ಚು ಮಾಡುತ್ತದೆ. ಪ್ರೀಮಿಯರ್‌ನಲ್ಲಿ ಎರಡು ಪಾಸ್ ಆಯ್ದರೆ ಹಾರ್ಡ್‌ವೇರ್ ಎನ್‌ಕೋಡಿಂಗ್ ಹೋಗಿ ಸಾಫ್ಟ್‌ವೇರ್ ಬರುತ್ತದೆ, ಹೊತ್ತು ಹಿಡಿಯುತ್ತದೆ. ರಾತ್ರಿ ಹಾಕಿ ಮಲಗಿ. ಇನ್ನೊಂದು, ಹೆಚ್ಚು ಐಎಸ್ಒದಲ್ಲಿ ತೆಗೆದ ಫೂಟೇಜಿನ ಕಾಳು ಕಾಳು ನಾಯ್ಸ್ ಕೂಡ ಪ್ರತಿ ಫ್ರೇಮಿಗೂ ಹೊಸದೇ. ಕೋಡೆಕ್ಕಿಗೆ ಅದು ನಾಯ್ಸ್ ಎಂದು ಗೊತ್ತಿಲ್ಲ, ಅದಕ್ಕೂ ಬಿಟ್ ಸುರಿಯುತ್ತದೆ. ಮೊದಲೇ ನಾಯ್ಸ್ ತಗ್ಗಿಸಿದರೆ ಆ ಬಿಟ್‌ಗಳು ವೇಷಕ್ಕೆ ಸಿಗುತ್ತವೆ.

ಎಕ್ಸ್‌ಪೋರ್ಟ್ ಮಧ್ಯದಲ್ಲೇ ನಿಂತುಹೋದರೆ ಗಾಬರಿ ಬೇಡ. ಎರರ್ ಕಿಟಕಿಯಲ್ಲಿ ಟೈಮ್‌ಕೋಡ್ ಇದ್ದರೆ ನೇರ ಅಲ್ಲಿಗೆ ಹೋಗಿ. ಇಲ್ಲದಿದ್ದರೆ ಟೈಮ್‌ಲೈನನ್ನು ಎರಡು ಭಾಗ ಮಾಡಿ ಒಂದೊಂದೇ ಎಕ್ಸ್‌ಪೋರ್ಟ್ ಮಾಡಿ, ಕೆಟ್ಟ ಭಾಗವನ್ನು ಮತ್ತೆ ಎರಡು ಮಾಡಿ. ಕೆಲವೇ ಸುತ್ತಿನಲ್ಲಿ ಆ ಕ್ಲಿಪ್ ಸಿಗುತ್ತದೆ. ಹೆಚ್ಚಾಗಿ ಅಲ್ಲಿ ಸಿಗುವುದು ಒಂದು ದೊಡ್ಡ ಫೋಟೋ. ಸನ್ಮಾನದ್ದೋ ಮದುವೆ ಆಲ್ಬಮ್ಮಿನದೋ 6000 ಅಡ್ಡ 4000ರ ಫೋಟೋವನ್ನು ಜಿಪಿಯು 32 ಬಿಟ್ ಫ್ಲೋಟ್‌ನಲ್ಲಿ ಬಿಚ್ಚಿದರೆ ಒಂದಕ್ಕೇ 384 ಎಂಬಿ ಬೇಕು. ಒಂದರ ಮೇಲೊಂದು ಫೇಡ್ ಆಗುವ ಹತ್ತು ಫೋಟೋ ಇದ್ದರೆ 4 ಜಿಬಿಯ ಕಾರ್ಡ್ ಕೈಚೆಲ್ಲುತ್ತದೆ. ಫೋಟೋಗಳನ್ನು 3000 ಪಿಕ್ಸೆಲ್ ಅಗಲಕ್ಕೆ ಇಳಿಸಿ ಹಾಕಿ, ಫುಲ್ ಎಚ್‌ಡಿಯಲ್ಲಿ ಜೂಮ್ ಮಾಡಲೂ ಅಷ್ಟು ಸಾಕು. ಅದೂ ಅಲ್ಲದಿದ್ದರೆ ಪ್ರೀಮಿಯರ್‌ನ ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿ ಮರ್ಕ್ಯುರಿ ಎಂಜಿನ್ ಅನ್ನು ಸಾಫ್ಟ್‌ವೇರ್ ಓನ್ಲಿಗೆ ತಂದು ಒಮ್ಮೆ ನೋಡಿ. ಆಗ ದಾಟಿತು ಎಂದರೆ ತೊಂದರೆ ಕಾರ್ಡಿನದು ಅಥವಾ ಅದರ ಡ್ರೈವರಿನದು ಎಂದು ಖಚಿತವಾಯಿತು.

ಪೆನ್‌ಡ್ರೈವ್ ಕೇಳುವವರು ಇನ್ನೂ ಬಹಳ ಇದ್ದಾರೆ, ಅದರಲ್ಲೂ ಹಿರಿಯರು. ಮನೆಯ ಟಿವಿಗೆ ಹಾಕಿ ನೋಡುವುದು ಅವರಿಗೆ ಸುಲಭ. ಅವರಿಗೆ ಎಚ್.265 10 ಬಿಟ್ ಕೊಡಬೇಡಿ. ಹಳೇ ಟಿವಿಯಲ್ಲಿ ಧ್ವನಿ ಬಂದು ಚಿತ್ರ ಬರದೇ ಇರಬಹುದು. ಎಚ್.264, 8 ಬಿಟ್, 4:2:0, ಆಡಿಯೋ ಎಎಸಿ ಸ್ಟೀರಿಯೋ, ಇಷ್ಟು ಕೊಟ್ಟರೆ ಹೆಚ್ಚಿನ ಟಿವಿಗಳಲ್ಲಿ ಓಡುತ್ತದೆ. ಪೆನ್‌ಡ್ರೈವಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿ ದಾಟಿದ ಫೈಲ್ ಅದರಲ್ಲಿ ಕೂರುವುದಿಲ್ಲ. 8 ಎಂಬಿಪಿಎಸ್ ಲೆಕ್ಕದಲ್ಲಿ ಅದು ಒಂದು ಗಂಟೆ ಹತ್ತು ನಿಮಿಷ. ಎಕ್ಸ್‌ಫ್ಯಾಟ್ ಮಾಡಿದರೆ ಕೂರುತ್ತದೆ, ಆದರೆ ಹಳೇ ಟಿವಿ ಅದನ್ನು ಓದದೇ ಇರಬಹುದು. ಪೂರ್ವರಂಗ, ಒಡ್ಡೋಲಗ, ಯುದ್ಧ ಎಂದು ಪ್ರಸಂಗದ ಘಟ್ಟಗಳಿಗೆ ಸರಿಯಾಗಿ ತುಂಡು ಮಾಡಿ, ಮುಂದೆ 01, 02 ಎಂದು ಹಾಕಿ ಕೊಡಿ. ನೋಡುವವರಿಗೂ ಬೇಕಾದ ಜಾಗ ಬೇಗ ಸಿಗುತ್ತದೆ.

ಕೆಲಸ ಒಪ್ಪಿಸಿದ ಮೇಲೆ ಡಿಸ್ಕ್ ತುಂಬಿದೆ ಎಂದು ಅಳಿಸಲು ಕೂರುತ್ತೀರಿ. ಪ್ರಿವ್ಯೂ ಫೈಲ್, ರೆಂಡರ್ ಕ್ಯಾಶ್, ಮೀಡಿಯಾ ಕ್ಯಾಶ್, ಪ್ರಾಕ್ಸಿ, ಈ ನಾಲ್ಕನ್ನೂ ಧೈರ್ಯವಾಗಿ ಅಳಿಸಿ, ಬೇಕೆಂದಾಗ ಮತ್ತೆ ಮಾಡಿಕೊಳ್ಳಬಹುದು. ಪ್ರಾಜೆಕ್ಟ್ ಫೈಲ್ ಕೆಲವೇ ಎಂಬಿ, ಅದಿರಲಿ. ಕ್ಯಾಮೆರಾ ಕಾರ್ಡಿನಿಂದ ಬಂದ ಮೂಲ ಫೈಲುಗಳನ್ನು ಮಾತ್ರ ಎರಡು ಬೇರೆ ಬೇರೆ ಡಿಸ್ಕಿನಲ್ಲಿ, ಕಾರ್ಡಿನಲ್ಲಿದ್ದ ಫೋಲ್ಡರ್ ಹೆಸರನ್ನೂ ಬದಲಿಸದೆ ಇಡಿ. ಹೆಸರು ಬದಲಾದರೆ ಮುಂದಿನ ವರ್ಷ ಪ್ರಾಜೆಕ್ಟ್ ತೆರೆದಾಗ ಪ್ರತಿ ಕ್ಲಿಪ್ಪನ್ನೂ ಕೈಯಾರೆ ಹುಡುಕಿ ಜೋಡಿಸಬೇಕಾಗುತ್ತದೆ.